ಕೆಎ ನಂಬರಿನ ಗಾಡಿಯಲ್ಲಿ ಕಾಸರಗೋಡಿಗೆ ಬಂದವರಿಗೆ

ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೋ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ, ಯಾವುದಾದರೂ ಬ್ಯಾಂಕಿಗೋ ಕೆಲಸಕ್ಕೆ ಬಂದಿರುತ್ತೀರಿ. ಇಲ್ಲವಾದರೆ ಮದುವೆಯಾಗಿ ಬಂದಿರುತ್ತೀರಿ. ಸಾಮಾನಿನ ಹಿಂದೆಯೇ ಗಾಡಿಯೂ ಬಂದಿರುತ್ತದೆ. ಬಂದ ವಾರದಲ್ಲೇ ಯಾರಾದರೂ ಸಿಕ್ಕಿ, "ಕೆಎ ನಂಬರ್ ಹಾಗೇ ಇರಲಿ ಬಿಡಿ, ಇಲ್ಲಿ ಯಾರೂ ಕೇಳುವುದಿಲ್ಲ" ಅನ್ನುತ್ತಾರೆ. ಹೀಗೆ ಹೇಳುವವರು ಹೆಚ್ಚಾಗಿ ನಮ್ಮವರೇ. ನಂಬಬೇಡಿ.

1988ರ ಮೋಟಾರು ವಾಹನ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ನಡೆಯುತ್ತದೆ. ನಮ್ಮ ಜನ ಅಷ್ಟು ಓದಿ ಪುಸ್ತಕ ಮುಚ್ಚುತ್ತಾರೆ. ಅದರ ಕೆಳಗೇ 47 ಇದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಆ ರಾಜ್ಯದ ನಂಬರ್ ಹಾಕಿಸಲೇಬೇಕು. ಇನ್ನೊಂದು ಗೊಂದಲ ತೆರಿಗೆಯದು. ನಂಬರಿನ ಕಾನೂನು ಕೇಂದ್ರದ್ದು, ತೆರಿಗೆ ಆಯಾ ರಾಜ್ಯದ್ದು. ನೀವು ಊರಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆ ಕರ್ನಾಟಕದ 1957ರ ಕಾಯ್ದೆಯದು. ಕೇರಳ ಕೇಳುವುದು ತನ್ನ 1976ರ ಕಾಯ್ದೆಯ ತೆರಿಗೆ. ನಂಬರಿಗೆ ಕೊಟ್ಟ 12 ತಿಂಗಳನ್ನು ತೆರಿಗೆಯ ರಜೆ ಅಂದುಕೊಳ್ಳಬೇಡಿ.

ಕಾಗದದ ಕೆಲಸ ಇಷ್ಟೇ: ಹಳೇ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಇಲ್ಲಿ ಹೊಸ ನಂಬರಿನ ಅರ್ಜಿ ಫಾರ್ಮ್ 27 ಮತ್ತು ತೆರಿಗೆ, ಆಮೇಲೆ ಇನ್ಶೂರೆನ್ಸಿಗೂ ಫಾಸ್ಟ್ಯಾಗಿಗೂ ಹೊಸ ನಂಬರ್. ಕಾಸರಗೋಡಿಗೆ ಕೆಎಲ್ 14, ಆಫೀಸು ವಿದ್ಯಾನಗರದಲ್ಲಿ. ಪೆರಿಯದಲ್ಲಿ ಮನೆ ಮಾಡಿದವರಿಗೆ ಕಾಞಂಗಾಡಿನ ಕೆಎಲ್ 60. ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ನಡೆಯುತ್ತದೆ, ಅದರ ಚಿಂತೆ ಬೇಡ. ಕೊನೆಗೆ, ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೇಳಿ. ಅರ್ಧ ಜನ ಅದನ್ನು ಕೇಳುವುದೇ ಇಲ್ಲ. ಎರಡು ಸಲ ತೆರಿಗೆ ಕಟ್ಟಿದೆ ಅಂತ ಮಾತ್ರ ವರ್ಷಗಟ್ಟಲೆ ಗೊಣಗುತ್ತಾರೆ.

ಇಷ್ಟು ಸಣ್ಣ ಕೆಲಸವನ್ನು ನಾವು ಯಾಕೆ ಮುಂದೂಡುತ್ತೇವೆ? ಬಾಯಲ್ಲಿ ಹೇಳುವುದು ದುಡ್ಡಿನ ಲೆಕ್ಕ. ಒಳಗಿರುವುದು ಬೇರೆ. ಕೆಎ ತೆಗೆದರೆ ಇನ್ನು ವಾಪಸ್ ಹೋಗುವುದಿಲ್ಲ ಅಂತ ನಾವೇ ಸಹಿ ಹಾಕಿದ ಹಾಗೆ ಅನಿಸುತ್ತದೆ. ಒಂದೆರಡು ವರ್ಷದಲ್ಲಿ ವರ್ಗ ಆಗುತ್ತದೆ, ಮಗುವಿನ ಶಾಲೆ ಮುಗಿಯಲಿ, ಆಮೇಲೆ ನೋಡೋಣ. ಅಷ್ಟರಲ್ಲಿ ಮಗು ಪಕ್ಕದ ಮನೆಯವರ ಜೊತೆ ಮಲಯಾಳದಲ್ಲಿ ಜಗಳ ಆಡುವಷ್ಟು ಬೆಳೆದಿರುತ್ತದೆ.

ಸ್ವಲ್ಪ ಇಲ್ಲಿನವರನ್ನೂ ನೋಡಿ. ಪೆರ್ಲ, ಬದಿಯಡ್ಕ, ಕುಂಬಳೆಯ ಕನ್ನಡದವರು ಎಲ್ಲಿಗೂ ವಲಸೆ ಹೋದವರಲ್ಲ. 1956ರ ನವೆಂಬರ್ 1ರಂದು ಗಡಿಯೇ ಅವರ ಆಚೆಗೆ ಸರಿಯಿತು. ಅವರ ಗಾಡಿಗೆ ಕೆಎಲ್ 14. ಗಡಿಯ ತಲಪಾಡಿ ದಾಟಿದ ಕೂಡಲೇ ಅವರು 'ಕೇರಳದವರು'. 2014ರಲ್ಲಿ ಕರ್ನಾಟಕ ಸರಕಾರ ಹೊರರಾಜ್ಯದ ಗಾಡಿ 30 ದಿನಕ್ಕಿಂತ ಜಾಸ್ತಿ ಇದ್ದರೆ ಜೀವಿತಾವಧಿ ತೆರಿಗೆ ಕಟ್ಟಬೇಕು ಅಂದಿತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ನಂಬಿದ್ದ ರೋಗಿಗಳು ಈಚೆಯೇ ಉಳಿದರು. ಅವರಲ್ಲಿ ಕನ್ನಡದವರು ಯಾರು ಅಂತ ಯಾರೂ ಕೇಳಲಿಲ್ಲ. ಇಂಥವರ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಕೆಎ ನಂಬರೇ ಕನ್ನಡತನ ಅಂತ ಬೀಗುವುದು ನನಗಂತೂ ಮುಜುಗರ.

ಪೆಟ್ರೋಲ್ ವಿಷಯಕ್ಕೆ ಬರೋಣ. ಆಚೆ ಅಗ್ಗ, ನಿಜ. ಮಂಗಳೂರಿಗೆ ಹೋದಾಗ ಎಲ್ಲರೂ ಟ್ಯಾಂಕ್ ತುಂಬಿಸುತ್ತಾರೆ, ನಾನೂ ತುಂಬಿಸುತ್ತೇನೆ. ಅದಕ್ಕೆಂದೇ ಹೋದರೆ ಉಳಿಸಿದ್ದು ದಾರಿಯಲ್ಲೇ ಖರ್ಚು, ತಲಪಾಡಿಯ ಟೋಲ್ ಬೇರೆ. ಇಲ್ಲಿ ಲೀಟರಿಗೆ 1 ರೂಪಾಯಿ ಸೆಸ್ ಮತ್ತು ವಾಹನ ತೆರಿಗೆಯ ಅರ್ಧ ಪಾಲು ಕಿಫ್ಬಿಗೆ, ಅಂದರೆ ರಸ್ತೆ, ಸೇತುವೆಯಂಥ ಕೆಲಸಕ್ಕೆ ದುಡ್ಡು ಹೊಂದಿಸುವ ಕೇರಳ ಸರಕಾರದ ಮಂಡಳಿಗೆ ಹೋಗುತ್ತದೆ. ನಂದಾರಪದವಿನಿಂದ ಶುರುವಾಗಿ ಪಾರಶ್ಶಾಲೆಯವರೆಗೆ ಸಾಗುವ ಗುಡ್ಡಗಾಡು ಹೆದ್ದಾರಿಗೆ ದುಡ್ಡು ಬಂದದ್ದು ಅಲ್ಲಿಂದ. 2023ರ ಏಪ್ರಿಲಿನಲ್ಲಿ ಸೇರಿಸಿದ 2 ರೂಪಾಯಿ ಮಾತ್ರ ರಸ್ತೆಗಲ್ಲ, ಸಾಮಾಜಿಕ ಪಿಂಚಣಿಗೆ. ಅದರ ಮೇಲೆ ಸಿಟ್ಟು ಬಂದರೆ ಬರಲಿ. ಆದರೆ ಆ ರಸ್ತೆಯಲ್ಲಿ ದಿನಾ ಓಡಾಡಿ ತೆರಿಗೆ ಮಾತ್ರ ಆಚೆಯೇ ಇರಲಿ ಅನ್ನುವುದು ಸರಿ ಕಾಣುವುದಿಲ್ಲ, ಅಲ್ವಾ?

ಊರಿನ ಅಭ್ಯಾಸ ಒಂದನ್ನು ಗಡಿಯಲ್ಲೇ ಬಿಟ್ಟು ಬನ್ನಿ. ಅಪ್ಪ, ಅಮ್ಮ, ನಡುವೆ ಮಗು, ಯಾರಿಗೂ ಹೆಲ್ಮೆಟ್ ಇಲ್ಲ. 2023ರ ಜೂನ್ 5ರಿಂದ ಇಲ್ಲಿ ಕ್ಯಾಮೆರಾಗಳೇ ದಂಡ ಹಾಕುತ್ತಿವೆ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕು. ಬೈಕು ಸ್ಕೂಟರಿಗೆ ಗಂಟೆಗೆ 60 ಕಿಲೋಮೀಟರ್ ಮಿತಿ. ಪಿಯುಸಿ ಓದುವ ಹುಡುಗನ ಕೈಗೆ ಯಕ್ಷಗಾನ ನೋಡಿ ಬಾ ಅಂತ ಸ್ಕೂಟರ್ ಕೀ ಕೊಡುವ ಅಪ್ಪಂದಿರು ಇದ್ದಾರೆ. ಸಿಕ್ಕಿಬಿದ್ದರೆ ದಂಡವೇ 25,000 ರೂಪಾಯಿ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪ್ಪನಿಗೆ ಜೈಲೂ ಆಗಬಹುದು.

ಭಾಷೆಯ ಬಗ್ಗೆ ಹೆದರಿಕೆ ಬೇಡ. ಆನ್‌ಲೈನ್ ಫಾರ್ಮ್ ಇಂಗ್ಲಿಷಿನಲ್ಲಿ ತುಂಬಿ. ದೂರು, ವಿಚಾರಣೆ, ತಕರಾರಿನ ಪತ್ರವನ್ನು ಮಾತ್ರ ಕನ್ನಡದಲ್ಲೇ ಬರೆಯಿರಿ. ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. 1969ರ ಅಧಿಕೃತ ಭಾಷೆಗಳ ಕಾಯ್ದೆ ಕೊಟ್ಟ ಹಕ್ಕು ಅದು. ಮಕ್ಕಳಿಗೆ ಹೇಳಿದರೆ ಮಲಯಾಳದಲ್ಲಿ ಎರಡೇ ನಿಮಿಷದಲ್ಲಿ ಬರೆದುಕೊಡುತ್ತಾರೆ, ಕೆಲಸವೂ ಬೇಗ ಆಗುತ್ತದೆ. ಆ ಆಸೆಗೆ ಬೀಳಬೇಡಿ. ಅವರ ಕೈಯಿಂದಲೇ ಕನ್ನಡದಲ್ಲಿ ಬರೆಸಿ. ಕಾಗುಣಿತ ತಪ್ಪಿದರೆ ತಿದ್ದಿ. ಎರಡು ಪ್ರತಿ ಮಾಡಿಸಿ, ನಿಮ್ಮ ಪ್ರತಿಗೆ ಆಫೀಸಿನ ಸೀಲ್ ಹಾಕಿಸಿಕೊಂಡೇ ಹೊರಗೆ ಬನ್ನಿ.