ಕೈಮಾಪಕವನ್ನು ದೊಡ್ಡ ಮೇಳಕ್ಕೆ ಒಯ್ಯುವ ಮುನ್ನ: ಶಿರಸಿ ಸೀಮೆಯ ಸಣ್ಣ ತಯಾರಕರಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಬ್ಬರು ಮೂವರು ಸೇರಿ ಮನೆಯಲ್ಲೇ ಬೋರ್ಡು ಬೆಸೆದು ಒಂದು ಸಣ್ಣ ಉಪಕರಣ ಮಾಡುತ್ತೀರಿ ಎಂದಿಟ್ಟುಕೊಳ್ಳಿ. ಅಡಿಕೆ, ಕಾಳುಮೆಣಸಿನ ತೇವಾಂಶ ಅಳೆಯುವ, ಬಟ್ಟಲಿರುವ ಕೈಮಾಪಕ. ಸೊಸೈಟಿ, ವಖಾರಿ, ಪರಿಚಯದ ತೋಟಗಾರರು ಇಷ್ಟಕ್ಕೆ ಊರಿನ ಗಿರಾಕಿ ಮುಗಿಯುತ್ತದೆ. ಆಮೇಲೆ ದೊಡ್ಡ ಮೇಳಕ್ಕೆ ಹೋಗಲೇಬೇಕು. ಅಲ್ಲಿ ಅಕ್ಕಪಕ್ಕ ಟ್ರ್ಯಾಕ್ಟರ್, ಟಿಲ್ಲರ್, ಡ್ರೋನ್ ನಿಂತಿರುತ್ತವೆ. ಅಂಗೈಯಗಲದ ಡಬ್ಬಿ ಹತ್ತು ಅಡಿ ದೂರಕ್ಕೆ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಮಳಿಗೆಗೆ ಬಂದವರು ಒಂದು ನಿಮಿಷದೊಳಗೆ ತಮ್ಮ ಕೈಯಿಂದಲೇ ಅಳೆದು, ಬಂದ ಅಂಕಿಯನ್ನು ನಂಬುವಂತಾಗಬೇಕು. ಕೆಳಗಿರುವ ತಯಾರಿಯೆಲ್ಲ ಆ ಒಂದು ನಿಮಿಷಕ್ಕಾಗಿ.

ಯಾವ ಮೇಳ?

ಎಲೆಕ್ಟ್ರಾನಿಕ್ಸ್ ಉಪಕರಣ ಎಂದ ಮಾತ್ರಕ್ಕೆ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಹೋಗಬೇಡಿ. ತುಮಕೂರು ರಸ್ತೆಯ ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಬಿಡಿಭಾಗಗಳ ಮೇಳಗಳಿಗೆ ಬರುವವರು ಕನೆಕ್ಟರ್, ಸೆನ್ಸರ್, ಬೋರ್ಡು ಮಾಡಿಸುವವರು. ಅಲ್ಲಿಗೆ ಟಿಕೆಟ್ ಮಾಡಿಸಿ ನೋಡುಗರಾಗಿ ಹೋಗಿ; ಅಗ್ಗದ ಬ್ಯಾಟರಿ, ಒಳ್ಳೆಯ ಪ್ಲಾಸ್ಟಿಕ್ ಅಚ್ಚು ಮಾಡುವವರು ಸಿಗುತ್ತಾರೆ. ನಿಮ್ಮ ಗಿರಾಕಿ ಸಿಗುವುದು ಕೃಷಿ ಮೇಳದಲ್ಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ್ದು ನವೆಂಬರಿನಲ್ಲಿ. ಮಾಪಕಕ್ಕೆ ನವೆಂಬರ್ ಹೇಳಿ ಮಾಡಿಸಿದ ತಿಂಗಳು: ಅಡಿಕೆ ಕೊಯ್ಲು ಶುರುವಾಗುವ ಹೊತ್ತು, ಮೆಣಸು ಬರಲು ಇನ್ನೊಂದೆರಡು ತಿಂಗಳು. ಮೊದಲ ಸಲ ಧಾರವಾಡಕ್ಕೆ ಹೋಗಿ ಕೈ ಪಳಗಿಸಿಕೊಂಡು ಆಮೇಲೆ ಬೆಂಗಳೂರಿಗೆ ಹೋಗುವುದು ಒಳ್ಳೆಯದು. ಎರಡೂ ಮೇಳಗಳ ಮಳಿಗೆ ಬುಕಿಂಗ್ ಬೇಗ ಮುಗಿಯುತ್ತದೆ, ಎರಡು ಮೂರು ತಿಂಗಳು ಮೊದಲೇ ವಿಚಾರಿಸಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇದ್ದರೆ, ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಮಾರುಕಟ್ಟೆ ನೆರವಿನ ಯೋಜನೆಯಲ್ಲಿ ಮಳಿಗೆ ಬಾಡಿಗೆಯ ಒಂದು ಪಾಲು ವಾಪಸ್ ಸಿಗುವ ಅವಕಾಶವಿದೆ. ನೀವು ಹೋಗುವ ಮೇಳ ಅದರಡಿ ಬರುತ್ತದೆಯೇ ಎಂದು ಮೊದಲೇ ಕೇಳಿ, ಅರ್ಜಿಯನ್ನೂ ಮೇಳಕ್ಕೆ ಮುಂಚೆಯೇ ಹಾಕಿ.

ತೋರಿಸುವ ಮೊದಲು ಮುಗಿಸಬೇಕಾದ ಕಾಗದ

ಉಪಕರಣದಲ್ಲಿ ಹೊಸದೇನಾದರೂ ಇದ್ದರೆ ಮೇಳಕ್ಕೆ ಮೊದಲೇ ಪೇಟೆಂಟಿಗೆ ತಾತ್ಕಾಲಿಕ ಅರ್ಜಿ ಸಲ್ಲಿಸಿ. ಸಾರ್ವಜನಿಕವಾಗಿ ತೋರಿಸಿದ್ದು ಹೊಸದಲ್ಲ ಎಂದಾಗಿಬಿಡುತ್ತದೆ. ಪ್ರದರ್ಶನದಲ್ಲಿ ತೋರಿಸಿದ್ದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ಅದನ್ನು ನಂಬಿ ಕೂರಬೇಡಿ. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಶುಲ್ಕ ₹1,600. ಪೂರ್ಣ ವಿವರಣೆ ಕೊಡಲು ಅಲ್ಲಿಂದ 12 ತಿಂಗಳ ಸಮಯ.

ಬ್ಲೂಟೂತ್ ಅಥವಾ ವೈಫೈ ಇದ್ದರೆ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗವಾದ ಡಬ್ಲ್ಯುಪಿಸಿಯ ಅನುಮೋದನೆ ಬೇಕು. ಮಾರುವ ಡಬ್ಬಿಯ ಮೇಲೆ ತಯಾರಕರ ಹೆಸರು ವಿಳಾಸ, ಎಂಆರ್‌ಪಿ, ತಯಾರಿಸಿದ ತಿಂಗಳು ವರ್ಷ, ದೂರು ಹೇಳಲು ಫೋನ್ ನಂಬರ್ ಇರಲೇಬೇಕು. ಮತ್ತೊಂದು ಮಾತು: ಖರೀದಿಯ ದರ ಇದರ ಅಂಕಿಯಿಂದಲೇ ನಿರ್ಧಾರ ಆಗುತ್ತದೆ ಎಂದು ಫಲಕದಲ್ಲಿ ಬರೆಯಬೇಡಿ. ವ್ಯಾಪಾರದ ಲೆಕ್ಕಕ್ಕೆ ಬಳಸುವ ಅಳತೆಯ ಸಾಧನ ಎಂದಾದರೆ ಕಾನೂನು ಮಾಪನ ಇಲಾಖೆಯ ನಿಯಮ ಅನ್ವಯಿಸುತ್ತದೆ. ಒಣಗಿದೆಯೋ ಇಲ್ಲವೋ ಎಂದು ಅಂಗಳದಲ್ಲಿ ತಿಳಿಯಲು ಎಂಬುದಷ್ಟೇ ನಿಮ್ಮ ಮಾತಾಗಿರಲಿ.

ಮಾದರಿ ಡಬ್ಬಿಗಳು: ಇಲ್ಲೇ ಹೆಚ್ಚಿನವರು ಸೋಲುವುದು

ಮೇಜಿನ ಮೇಲೆ ಮೂರು ಗಾಜಿನ ಡಬ್ಬಿ ಬೇಕು. ಮೂರರಲ್ಲೂ ಒಂದೇ ಮೆಣಸು, ಆದರೆ ತೇವಾಂಶ ಬೇರೆ ಬೇರೆ: ಶೇ 10, 12, 14. ಬಂದವರು ಮೂರನ್ನೂ ಅಳೆದು, ಅಂಕಿ ಏರುವುದನ್ನು ಕಂಡಾಗಲೇ ಯಂತ್ರ ಸುಮ್ಮನೆ ಏನೋ ತೋರಿಸುತ್ತಿಲ್ಲ ಎಂದು ಅರಿವಾಗುವುದು.

ಒಣ ಮೆಣಸಿಗೆ ನೀರು ಸೇರಿಸಿ ಇವನ್ನು ಮಾಡಬಹುದು. ಲೆಕ್ಕ ಹೀಗೆ: ಮೆಣಸಿನ ತೂಕವನ್ನು ಬೇಕಾದ ಮತ್ತು ಈಗಿರುವ ತೇವಾಂಶದ ವ್ಯತ್ಯಾಸದಿಂದ ಗುಣಿಸಿ, ನೂರರಲ್ಲಿ ಬೇಕಾದ ತೇವಾಂಶ ಕಳೆದು ಉಳಿದದ್ದರಿಂದ ಭಾಗಿಸಿ. ಶೇ 10 ಇರುವ 500 ಗ್ರಾಂ ಮೆಣಸನ್ನು ಶೇ 14ಕ್ಕೆ ತರಲು 500 × 4 ÷ 86, ಅಂದರೆ ಸುಮಾರು 23 ಗ್ರಾಂ ನೀರು. ಸಿಂಪಡಿಸಿ, ಬಿಗಿಯಾಗಿ ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ದಿನಕ್ಕೆರಡು ಬಾರಿ ಕುಲುಕಿ. ಮೂರು ದಿನವಾದರೂ ಬಿಡಿ. ಮೊದಲ ದಿನ ನೀರೆಲ್ಲ ಸಿಪ್ಪೆಯ ಮೇಲೇ ಇರುತ್ತದೆ, ಮಾಪಕ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಹೊರಗಿಟ್ಟರೆ ಶೇ 14ರ ಡಬ್ಬಿಗೆ ಬೂಸಲು ಹಿಡಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವ ತನಕ ಕಾಯಿರಿ, ಇಲ್ಲವಾದರೆ ಕಾಳಿನ ಮೇಲೆ ಹನಿ ಕೂರುತ್ತದೆ.

ಅಡಿಕೆಗೆ ಈ ಉಪಾಯ ನಡೆಯುವುದಿಲ್ಲ. ಇಡೀ ಗೋಟಿನ, ಅಂದರೆ ಒಡೆಯದ ಒಣ ಅಡಿಕೆಯ, ಒಳಗೆ ನೀರು ಅಷ್ಟು ಬೇಗ ಇಳಿಯದು. ಒಣಗಿಸುವಾಗಲೇ ಬೇರೆ ಬೇರೆ ಹಂತದಲ್ಲಿ ಒಂದೊಂದು ಸೇರು ತೆಗೆದು ಗಾಳಿಯಾಡದ ಡಬ್ಬಿಯಲ್ಲಿ ಕಟ್ಟಿಟ್ಟುಕೊಳ್ಳಬೇಕು. ಅಂದರೆ ನವೆಂಬರಿನ ಮೇಳದ ಮಾದರಿಯನ್ನು ಹಿಂದಿನ ಬೇಸಿಗೆಯಲ್ಲೇ ತೆಗೆದಿಡಬೇಕು. ಪೂರ್ತಿ ಒಣಗದ ಮಾದರಿ ಮಳೆಗಾಲ ದಾಟಬೇಕಾದರೆ ಫ್ರೀಜರಿನಲ್ಲೇ ಇರಲಿ.

ಡಬ್ಬಿಯ ಮೇಲೆ ಬರೆಯುವ ಅಂಕಿ ನಿಮ್ಮ ಮಾಪಕದ್ದಾಗಿರಬಾರದು, ಓವನ್‌ನಲ್ಲಿ ಒಣಗಿಸಿ ಕಂಡುಕೊಂಡದ್ದಾಗಿರಬೇಕು. ಅಡಿಕೆಯ ಚೂರನ್ನು 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ: 10 ಗ್ರಾಂ ಇದ್ದದ್ದು 9.2 ಗ್ರಾಂ ಆದರೆ ತೇವಾಂಶ ಶೇ 8. ಮೆಣಸಿಗೆ ಮಾತ್ರ ಈ ವಿಧಾನ ತಪ್ಪು ಹೇಳುತ್ತದೆ, ಏಕೆಂದರೆ ಅದರೊಳಗಿನ ಸುಗಂಧ ತೈಲವೂ ಆವಿಯಾಗಿ ನೀರಿನ ಲೆಕ್ಕಕ್ಕೇ ಸೇರುತ್ತದೆ. ಸಾಂಬಾರ ಪದಾರ್ಥಗಳಿಗೆ ಪ್ರಯೋಗಾಲಯದಲ್ಲಿ ಟಾಲ್ವೀನ್ ಬಟ್ಟಿ ಇಳಿಸುವ ವಿಧಾನ ಇದೆ. ಒಂದೇ ಒಂದು ಮಾದರಿಯನ್ನಾದರೂ ಅಲ್ಲಿ ಪರೀಕ್ಷೆ ಮಾಡಿಸಿ ವರದಿಯ ಪ್ರತಿ ಇಟ್ಟುಕೊಳ್ಳಿ. ವಿಶ್ವವಿದ್ಯಾಲಯದ ಮೇಷ್ಟ್ರುಗಳು ಬಂದರೆ ಕೇಳುವುದು ಇದನ್ನೇ.

ಇಷ್ಟೇ ಮುಖ್ಯವಾದ ಮತ್ತೊಂದಿದೆ. ಶಿರಸಿಯ ಚಾಲಿಗೆ (ಹಣ್ಣಾದ ಮೇಲೆ ಬಿಸಿಲಲ್ಲಿ ಒಣಗಿಸಿದ ಅಡಿಕೆ) ಹೊಂದಿಸಿದ ಮಾಪಕಕ್ಕೆ ಚನ್ನಗಿರಿ, ತುಮಕೂರು ಕಡೆಯವರು ತರುವ ಬೇಯಿಸಿದ ಕೆಂಪಡಿಕೆ ಹಾಕಿದರೆ ಅಂಕಿ ತಪ್ಪುತ್ತದೆ. ಬೇಯಿಸಿ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕೊಟ್ಟ ಅಡಿಕೆಯ ವಿದ್ಯುತ್ ಗುಣವೇ ಬೇರೆ. ಬೆಂಗಳೂರಿನ ಮೇಳಕ್ಕೆ ಬರುವವರಲ್ಲಿ ಕೆಂಪಡಿಕೆಯವರೇ ಬಹಳ. ಆದ್ದರಿಂದ ಚಾಲಿ, ರಾಶಿ (ಕೆಂಪಡಿಕೆ) ಎರಡಕ್ಕೂ ಮಾಪಕದಲ್ಲೇ ಪ್ರತ್ಯೇಕ ಆಯ್ಕೆ ಮಾಡಿಟ್ಟುಕೊಂಡೇ ಹೋಗಿ. ಮೇಜಿನ ಮೇಲೆ ಸಣ್ಣ ಹಲಗೆ ಇಡಿ: "ಅಳೆಯುವುದು: ಚಾಲಿ, ರಾಶಿ, ಕಾಳುಮೆಣಸು. ಅಳೆಯದು: ರಾಗಿ, ಜೋಳ, ಕಾಫಿ." ರಾಗಿಗೂ ಆಗುತ್ತದಾ ಎಂದು ಕೇಳುವವರಿಗೆ ಇಲ್ಲ ಎಂದೇ ಹೇಳಿ. ಅರೆಮನಸ್ಸಿನ ಹೌದು ಮೂರು ತಿಂಗಳಿಗೆ ದೂರಾಗಿ ವಾಪಸ್ ಬರುತ್ತದೆ.

ಮೇಜು, ಕರೆಂಟು, ಬೆಳಕು

ಸಾಮಾನ್ಯ ಮಳಿಗೆ 3 ಮೀಟರ್ ಉದ್ದ, 3 ಮೀಟರ್ ಅಗಲ. ಒಂದು ಮೇಜು, ಎರಡು ಕುರ್ಚಿ, ಒಂದು ಪ್ಲಗ್ ಪಾಯಿಂಟ್ ಕೊಡುತ್ತಾರೆ. ಆ ಮೇಜನ್ನು ಹಿಂದಕ್ಕೆ ತಳ್ಳಿ ಸಾಮಾನು ಇಡಲು ಬಳಸಿ. ಅಳೆಯಲು ಸೊಂಟದೆತ್ತರದ, ಮರದ ಇಲ್ಲವೇ ಪ್ಲೈವುಡ್ಡಿನ ಮೇಜು ನೀವೇ ಒಯ್ಯಿರಿ ಅಥವಾ ಅಲ್ಲೇ ಬಾಡಿಗೆಗೆ ಹಿಡಿಯಿರಿ. ಕಬ್ಬಿಣದ ಮೇಜು ಬೇಡವೇ ಬೇಡ: ಕಾಳಿನ ವಿದ್ಯುತ್ ಗುಣದಿಂದ ತೇವಾಂಶ ಅಳೆಯುವ ಕೆಪ್ಯಾಸಿಟಿವ್ ಸೆನ್ಸರಿನ ಹತ್ತಿರ ಲೋಹದ ತಟ್ಟೆ ಬಂದರೆ ಓದು ಬದಲಾಗುತ್ತದೆ, ಮನೆಯಲ್ಲಿ ಸರಿಯಿದ್ದ ಯಂತ್ರ ಮೇಳದಲ್ಲಿ ಕೆಟ್ಟಂತೆ ಕಾಣುತ್ತದೆ. ಚಾರ್ಜರ್ ಸಿಕ್ಕಿಸಿಕೊಂಡೇ ಅಳೆದರೂ ಇದೇ ಗತಿ; ಅಗ್ಗದ ಚಾರ್ಜರಿನ ಗದ್ದಲ ಓದಿನೊಳಗೆ ಸೇರುತ್ತದೆ. ತೋರಿಸುವುದು ಯಾವಾಗಲೂ ಬ್ಯಾಟರಿಯ ಮೇಲೆ. 2000 ಎಂಎಎಚ್ ಬ್ಯಾಟರಿ, 80 ಮಿಲಿಆಂಪ್ ಬಳಕೆ ಎಂದರೆ ಕಾಗದದ ಮೇಲೆ 25 ಗಂಟೆ. ದಿನವೊಂದಕ್ಕೆ ಧಾರಾಳ ಸಾಕು. ರಾತ್ರಿ ರೂಮಿನಲ್ಲಿ ಚಾರ್ಜ್ ಮಾಡಿ, ಮೇಳದ ಕರೆಂಟನ್ನು ದೀಪಕ್ಕೆ ಮಾತ್ರ ನೆಚ್ಚಿಕೊಳ್ಳಿ.

ಬಯಲಿನ ಮಳಿಗೆಯಲ್ಲಿ ಮಧ್ಯಾಹ್ನದ ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತದೆ. ಓಎಲ್‌ಇಡಿ ಪರದೆ ಆಗ ಕಾಣುವುದಿಲ್ಲ. ಒಳಗೆ ಬೂದು ಬಣ್ಣದ ಎಲ್‌ಸಿಡಿ ಇದ್ದರೆ ಬಿಸಿಲಲ್ಲೇ ಚೆನ್ನಾಗಿ ಕಾಣುತ್ತದೆ. ಓಎಲ್‌ಇಡಿಯೇ ಇದ್ದರೆ ಮೇಜನ್ನು ನೆರಳಿಗೆ ತಿರುಗಿಸಿ, ಕಪ್ಪು ಬಣ್ಣದ ಮಾಪಕಗಳನ್ನು ಬಿಸಿಲಿಗಿಡಬೇಡಿ. ಬಿಸಿಯೇರಿದ ಮಾಪಕದ ಓದು ಮೇಲಕ್ಕೆ ಜಾರುತ್ತದೆ.

ಬ್ಲೂಟೂತ್‌ನಲ್ಲಿ ಫೋನಿಗೆ ಅಂಕಿ ಕಳಿಸುವುದನ್ನು ಮುಖ್ಯ ಆಕರ್ಷಣೆ ಮಾಡಬೇಡಿ. ಸಾವಿರಾರು ಫೋನುಗಳ ನಡುವೆ ಜೋಡಣೆ ಸಿಗುವುದಿಲ್ಲ, ನೀವು ಸೆಟ್ಟಿಂಗ್ಸ್ ಹುಡುಕುವಷ್ಟರಲ್ಲಿ ಬಂದವರು ಮುಂದಿನ ಮಳಿಗೆಯಲ್ಲಿರುತ್ತಾರೆ. ಆ್ಯಪ್ ತೋರಿಸಲೇಬೇಕಿದ್ದರೆ ಒಂದು ಹಳೆಯ ಫೋನಿಗೆ ಮೊದಲೇ ಜೋಡಿಸಿಟ್ಟು, ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಹಾಗೆ ಮಾಡಿಕೊಳ್ಳಿ.

ಗೋಡೆಯ ಫಲಕದಲ್ಲಿ ಉಪಕರಣದ ಚಿತ್ರಕ್ಕಿಂತ ಪರದೆಯ ಮೇಲಿನ ಅಂಕಿಯ ಚಿತ್ರ ದೊಡ್ಡದಾಗಿರಲಿ. "ಒಣಗಿದೆಯೇ? ಅಳೆದು ನೋಡಿ" ಎಂಬಷ್ಟು ಸಾಕು, ಕನ್ನಡದಲ್ಲಿ, ಒಂದಡಿ ಎತ್ತರದ ಅಕ್ಷರದಲ್ಲಿ. ಪ್ಯಾನೆಲ್ಲಿಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಎರಡು ಬದಿ ಅಂಟುವ ಟೇಪು ಒಯ್ಯಿರಿ. ಅಂಚಿನ ಅಲ್ಯೂಮಿನಿಯಂ ಪಟ್ಟಿ ಫಲಕದ ಬದಿಯನ್ನು ನುಂಗುವುದರಿಂದ ಅಕ್ಷರಗಳು ಅಂಚಿನಿಂದ 5 ಸೆಂಟಿಮೀಟರ್ ಒಳಗೇ ಇರಲಿ.

ಆ ಒಂದು ನಿಮಿಷ

ಮಲೆನಾಡಿನ ತೋಟಗಾರರಿಗೆ ಅಡಿಕೆ ಒಣಗಿದ್ದನ್ನು ತಿಳಿಯಲು ಯಂತ್ರವೇ ಬೇಕಿಲ್ಲ. ಗೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಬರುವ ಸದ್ದು, ಅಡಕತ್ತರಿಗೆ ಸಿಕ್ಕಾಗ ಹೋಳು ಬೀಳುವ ರೀತಿ ಅವರಿಗೆ ಗೊತ್ತು. ಆ ಅನುಭವದ ಎದುರು ನಿಮ್ಮ ಯಂತ್ರವನ್ನು ನಿಲ್ಲಿಸಬೇಡಿ, ಜೊತೆಗೆ ನಿಲ್ಲಿಸಿ. ಮೇಜಿನ ಮೇಲೆ ಒಳ್ಳೆಯ ಅಡಕತ್ತರಿ ಇಡಿ. "ಎಷ್ಟು ಒಣಗಿದೆ ಅನ್ನಿಸ್ತದೆ, ನೀವೇ ಹೇಳಿ ಯಜಮಾನ್ರೇ" ಎಂದು ಅಡಿಕೆ ಕೈಗೆ ಕೊಡಿ. ಅವರು ಕತ್ತರಿಸಿ, ಹೋಳಿನ ಬಿಳಿ ನೋಡಿ, ಉಗುರಿನಲ್ಲಿ ಒತ್ತಿ ಒಂದು ಮಾತು ಹೇಳುತ್ತಾರೆ. ಆಮೇಲೆ ಅದೇ ಡಬ್ಬಿಯ ಚೂರುಗಳನ್ನು ಅವರೇ ಬಟ್ಟಲಿಗೆ ಸುರಿಯಲಿ. ಇಬ್ಬರ ಮಾತೂ ಕೂಡಿದರೆ ಅಲ್ಲಿಗೆ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಸುರಿಯುವ ಎತ್ತರ ಬದಲಾದರೆ ಬಟ್ಟಲಲ್ಲಿ ಕಾಳು ಕೂರುವ ದಟ್ಟಣೆ ಬದಲಾಗಿ, ಒಂದೇ ಮೆಣಸಿಗೆ ಎರಡು ಅಂಕಿ ಬರುತ್ತವೆ. ಅದಕ್ಕೆ ಬಟ್ಟಲಿನ ಮೇಲೆ ಕೂರುವ ಸಣ್ಣ ಆಲಿಕೆ ಮಾಡಿಟ್ಟುಕೊಳ್ಳಿ. ಯಾರು ಸುರಿದರೂ ಒಂದೇ ಎತ್ತರ. ಮೂರು ಸಲ ಅಳೆದು ಸರಾಸರಿ ತೋರಿಸಿ, ಅರ್ಧ ಅಂಶ ಹೆಚ್ಚುಕಡಿಮೆ ಬರುವುದು ಸಹಜ ಎಂದು ಅವರು ಕೇಳುವ ಮೊದಲೇ ಹೇಳಿ. ಡಬ್ಬಿಯ ಮುಚ್ಚಳ ಪ್ರತಿ ಸಲವೂ ಹಾಕಬೇಕು. ತೆರೆದಿಟ್ಟ ಮಾದರಿ ಒಂದೇ ದಿನದಲ್ಲಿ ಸುತ್ತಲಿನ ಹವೆಗೆ ಹೊಂದಿಕೊಂಡು, ಸಂಜೆಗೆ ಮೂರೂ ಡಬ್ಬಿ ಹತ್ತಿರ ಹತ್ತಿರ ಅಂಕಿ ತೋರಿಸತೊಡಗುತ್ತವೆ. ಪ್ರತಿಯೊಂದರ ಎರಡನೇ ಡಬ್ಬಿ ಮೊಹರು ಮಾಡಿ ಇಟ್ಟುಕೊಂಡಿರಿ, ಮಧ್ಯದ ದಿನ ಬದಲಿಸಿ.

ತೋರಿಸಲು ನಾಲ್ಕು ಮಾಪಕ ಸಾಕು: ಎರಡು ಮೇಜಿನ ಮೇಲೆ, ಒಂದು ಹೊರಗೆ ನಿಂತವರ ಕೈಯಲ್ಲಿ, ಒಂದು ಬದಲಿಗೆ. ಐದನೆಯದನ್ನು ಮುಚ್ಚಳ ಬಿಚ್ಚಿ ಇಡಿ. ಒಳಗಿನ ಅಚ್ಚುಕಟ್ಟು ಬೆಸುಗೆ ನೋಡಿದವರಿಗೆ ರಿಪೇರಿಯೂ ಆಗುತ್ತದೆ ಎಂಬ ಭರವಸೆ ಹುಟ್ಟುತ್ತದೆ. ಮಳಿಗೆಯಲ್ಲಿ ಕನಿಷ್ಠ ಮೂವರು ಬೇಕು, ಊಟಕ್ಕೆ ಹೋದಾಗಲೂ ಇಬ್ಬರು ಉಳಿಯುವಂತೆ.

ಸಾಗಣೆ

ಶಿರಸಿಗೆ ರೈಲಿಲ್ಲ. ಬಸ್ಸಿನ ಡಿಕ್ಕಿಯಲ್ಲಿ ಹಾಕಿದರೆ ಘಟ್ಟದ ರಸ್ತೆಯ ಕುಲುಕಾಟಕ್ಕೆ ಮೊದಲು ಬಿಡುವುದು ಬ್ಯಾಟರಿಯ ಕನೆಕ್ಟರು. ಪ್ರತಿ ಕನೆಕ್ಟರಿಗೂ ಒಂದು ತೊಟ್ಟು ಸಿಲಿಕೋನ್ ಅಂಟು ಹಾಕಿ, ಮಾಪಕಗಳನ್ನು ಫೋಮಿನಲ್ಲಿ ಕೊರೆದ ಗುಂಡಿಯಲ್ಲಿ ಕೂರಿಸಿ, ಬ್ಯಾಗನ್ನು ಸೀಟಿನ ಬಳಿಯೇ ಇಟ್ಟುಕೊಳ್ಳಿ. ಸ್ವಿಚ್ಚು ತಾನಾಗಿ ಒತ್ತಿ ಆನ್ ಆಗದಂತೆ ಬ್ಯಾಟರಿಗೆ ಎಳೆದು ತೆಗೆಯುವ ಪ್ಲಾಸ್ಟಿಕ್ ಪಟ್ಟಿ ಇರಲಿ. ಕಾರವಾರ, ಕುಮಟಾದವರಿಗೆ ಬೆಂಗಳೂರಿಗೆ ರಾತ್ರಿ ರೈಲಿದೆ. ಸ್ಲೀಪರಿನಲ್ಲಿ ತಲೆಗೆ 40 ಕಿಲೋ ಸಾಮಾನು ಉಚಿತ. ಕರಾವಳಿಯಲ್ಲಿ ಮಳೆಗಾಲ ಕಳೆದ ಮಾಪಕಗಳ ಲೋಹದ ತುದಿಗಳಿಗೆ ಉಪ್ಪುಗಾಳಿಯ ಹಸಿರು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಟ್ಟಿ. ಆ ಪೊಟ್ಟಣ ಮಾದರಿಯ ಡಬ್ಬಿಯೊಳಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದರೆ ಸಾಮಾನಿಗೆ ಡೆಲಿವರಿ ಚಲನ್ ಬರೆದುಕೊಳ್ಳಿ. ಮೌಲ್ಯ ₹50,000 ದಾಟಿದರೆ ಇ-ವೇ ಬಿಲ್ಲೂ ಬೇಕು.

ಹೆಸರು ಬರೆದುಕೊಳ್ಳುವುದು

ಫೋನ್ ನಂಬರ್ ಮಾತ್ರ ಇರುವ ಪಟ್ಟಿ ಯಾವ ಕೆಲಸಕ್ಕೂ ಬಾರದು. ದಪ್ಪ ರಟ್ಟಿನ ಪುಸ್ತಕದಲ್ಲಿ ಐದು ಮನೆ ಹಾಕಿ: ಹೆಸರು, ಊರು, ಬೆಳೆ, ವರ್ಷಕ್ಕೆ ಎಷ್ಟು ಕ್ವಿಂಟಾಲ್, ಫೋನ್. ಸ್ಥಳದಲ್ಲೇ ಕೊಳ್ಳುವವರಿಗೆ ಯುಪಿಐ ಫಲಕ ಇರಲಿ. ಸಂದಣಿಯಲ್ಲಿ ನೆಟ್‌ವರ್ಕ್ ನಿಲ್ಲುವುದರಿಂದ ಎರಡು ಬೇರೆ ಕಂಪನಿಗಳ ಸಿಮ್ ಮತ್ತು ಚಿಲ್ಲರೆ ಎರಡೂ ಬೇಕು. ಮುಂಗಡ ಹಿಡಿಯುವುದಾದರೆ ಕೊಡುವ ತಾರೀಖನ್ನು ರಸೀದಿಯಲ್ಲಿ ಬರೆಯಿರಿ. ಬರೆಯಲಾಗದಷ್ಟು ಅನುಮಾನವಿದ್ದರೆ ಮುಂಗಡವೇ ಬೇಡ.

ಮರಳಿದ ವಾರದೊಳಗೆ ಎಲ್ಲರಿಗೂ ಒಂದು ಸಂದೇಶ ಹೋಗಲಿ, ಅದರಲ್ಲಿ ಅವರು ಕೇಳಿದ ಬೆಳೆಯ ಹೆಸರಿರಲಿ. ನಿಜವಾದ ಕರೆ ಮಾಡುವ ಹೊತ್ತು ಬೇರೆ: ಕೆಂಪಡಿಕೆಯವರಿಗೆ ಡಿಸೆಂಬರಿನಲ್ಲಿ, ಬೇಯಿಸಿದ್ದು ಅಂಗಳದಲ್ಲಿರುವಾಗ, ಚಾಲಿಯವರಿಗೆ ಫೆಬ್ರುವರಿಯಲ್ಲಿ, ಹಣ್ಣಡಿಕೆ ಒಣಗಲು ಹಾಕಿ ತಿಂಗಳಾಗುವಾಗ, ಮೆಣಸಿನವರಿಗೆ ಕೊಯ್ಲಿನ ಜೊತೆಗೇ. ಊರು ಮತ್ತು ಬೆಳೆಯ ಮನೆ ತುಂಬಿದ್ದರೆ ಯಾರಿಗೆ ಯಾವಾಗ ಎಂದು ಪುಸ್ತಕವೇ ಹೇಳುತ್ತದೆ. ಒಂದೇ ಊರಿನಿಂದ ಐದಾರು ಹೆಸರು ಬಂದಿದ್ದರೆ ಫೋನಿನಲ್ಲಿ ಮಾರಲು ಹೋಗಬೇಡಿ. ಅಲ್ಲಿನ ಸೊಸೈಟಿಯ ಕಾರ್ಯದರ್ಶಿಗಳನ್ನು ಕಂಡು, ಅಡಿಕೆ ಮಾರಾಟದ ಟೆಂಡರ್ ದಿನ ಬೆಳಿಗ್ಗೆ ಅವರ ಅಂಗಳದಲ್ಲೇ ಎರಡು ಮಾಪಕ, ಮೂರು ಡಬ್ಬಿ, ಒಂದು ಅಡಕತ್ತರಿ ಇಟ್ಟು ಕೂರಲು ಅನುಮತಿ ಕೇಳಿ.