ಹಳೆಯ ಕಾರಿನ ಕೆಂಪು ಮತ್ತೆ ಕೆಂಪಾದದ್ದು

ಬಾನೆಟ್ ಮೇಲೆ ಕೈಯಾಡಿಸಿದರೆ ಬೆರಳಿಗೆ ಗುಲಾಬಿ ಪುಡಿ ಹತ್ತುತ್ತಿತ್ತು. ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಯೇ ಕೆಂಪಾಯಿತು. ಬಣ್ಣವೆಲ್ಲ ಕಿತ್ತು ಬರುತ್ತಿದೆ ಎಂದು ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು: ಇಂಥ ಹಳೆಯ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪ್ರತ್ಯೇಕ ಪಾರದರ್ಶಕ ಪದರ ಇರುವುದಿಲ್ಲ, ಬಟ್ಟೆಗೆ ಬಣ್ಣ ಹತ್ತುವುದು ಸಹಜ.

ನನ್ನ ನಿಜವಾದ ತಪ್ಪು ಬೇರೆ. ಉಣ್ಣೆಯ ಪ್ಯಾಡ್, ಒರಟು ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ರೋಟರಿ, ಅಂದರೆ ಒಂದೇ ಸಮನೆ ಗಿರಗಿರ ತಿರುಗುವ ಪಾಲಿಶ್ ಯಂತ್ರ ಓಡಿಸಿದ್ದೆ. ನೆರಳಿನಲ್ಲಿ ಕನ್ನಡಿ, ಬಿಸಿಲಿಗೆ ತಂದರೆ ಜೇಡರ ಬಲೆಯಂತೆ ಸುತ್ತು ಗೀರುಗಳು!

ಎರಡನೆಯ ಸಲ ಅವಸರ ಬಿಟ್ಟೆ. ತೊಳೆದು, ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿಯ ತುಂಡಿನಿಂದ ಅಂಟು ಕೊಳೆ ತೆಗೆದು, ಗ್ಲೇಜ್ ಎಂಬ ಎಣ್ಣೆಯಂಶದ ಲೇಪ ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಒಣಗಿದ ಬಣ್ಣ ಅದನ್ನು ಬಾಯಾರಿದಂತೆ ಕುಡಿಯಿತು. ಮರುದಿನ ಡ್ಯುಯಲ್ ಆಕ್ಷನ್ ಪಾಲಿಶರ್ (ತಿರುಗುತ್ತಲೇ ಅತ್ತಿತ್ತ ಅಲುಗುವ, ಮೃದುವಾಗಿ ಉಜ್ಜುವ ಯಂತ್ರ), ಮೆತ್ತನೆಯ ಫೋಮ್ ಪ್ಯಾಡ್, ನಯವಾದ ಪಾಲಿಶ್. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ. ಪ್ಯಾಡನ್ನು ಪದೇ ಪದೇ ಬ್ರಷ್‌ನಿಂದ ಶುಚಿಗೊಳಿಸುವುದು ಬೇಸರದ ಕೆಲಸ, ಆದರೆ ತಪ್ಪಿಸಿದ ಕಡೆಯೆಲ್ಲ ಮಬ್ಬು ಉಳಿಯಿತು. ಅಂಚುಗಳಲ್ಲಿ ಬಣ್ಣ ತೆಳು. ಅಲ್ಲಿ ಟೇಪ್ ಅಂಟಿಸಿ, ಕೊನೆಗೆ ಕೈಯಿಂದಲೇ ಉಜ್ಜಿದೆ. ಮೇಲೆ ವ್ಯಾಕ್ಸ್.

ಎಡ ಬಾಗಿಲಿನ ಅಂಚಿನಲ್ಲಿ ಮಾತ್ರ ಪ್ರೈಮರ್ (ಬಣ್ಣದ ಕೆಳಗಿನ ತಳಪದರ) ಇಣುಕುತ್ತಿದೆ. ಮೊದಲ ದಿನದ ರೋಟರಿಯ ಕೃಪೆ!