ವೆನಿಸ್‌ನಲ್ಲಿ ಕುಡಿಯುವ ದಾರಿ ಮೂರನೇ ಸಲಕ್ಕೆ ಸಿಕ್ಕಿತು

ತಲೆಗೆ 30 ಯೂರೊದಲ್ಲಿ ವೆನಿಸ್‌ನಲ್ಲಿ ಇಡೀ ದಿನ ಚೆನ್ನಾಗಿ ಕುಡಿದು ತಿಂದು ಬರಬಹುದು ಅಂದಾಗ ಮ್ಯೂನಿಕ್‌ನಲ್ಲಿರುವ ನಮ್ಮ ಗುಂಪಿನ ಯಾರೂ ನಂಬಲಿಲ್ಲ. "ಮಾರಾಯ, ಅಲ್ಲಿ ಕೂತ ಕುರ್ಚಿಗೂ ದುಡ್ಡು ಕೀಳ್ತಾರೆ" ಅಂದ ಉಡುಪಿ ಕಡೆಯ ಗೆಳೆಯ. ಅವನ ಮಾತು ನಿಜವೇ. ಹಾಗಾಗಿ ಕೂರಲೇಬಾರದು. ಈ ಒಂದು ವಿಷಯ ತಲೆಗೆ ಹೋಗಲು ನನಗೆ ಎರಡು ಪ್ರವಾಸ, ನೂರಕ್ಕೂ ಹೆಚ್ಚು ಯೂರೊ ಬೇಕಾಯಿತು.

ಮೊದಲ ಸಲ ಹೆಂಡತಿಯ ಜೊತೆ ಹೋಗಿದ್ದೆ. ಸಾನ್ ಮಾರ್ಕೊ ಚೌಕದ ಒಂದು ಕಡೆ ಮೇಜು ಹಿಡಿದು ಎರಡೆರಡು ಸ್ಪ್ರಿಟ್ಸ್ (ವೈನ್, ಸೋಡಾ, ಕಹಿ ಮದ್ಯ ಬೆರೆಸಿದ ಪಾನೀಯ) ಹೇಳಿದೆವು. ಪಕ್ಕದಲ್ಲಿ ಪಿಟೀಲು, ಪಿಯಾನೊ ನುಡಿಸುತ್ತಿದ್ದರು, ಮನಸ್ಸಿಗೆ ಹಿತವಾಗಿತ್ತು. ಬಿಲ್ ಬಂದಾಗ ಸಂಗೀತಕ್ಕೇ ತಲೆಗೆ 6 ಯೂರೊ ಸೇರಿತ್ತು. ಎಲ್ಲ ಸೇರಿ 80ರ ಹತ್ತಿರ. ಎರಡನೇ ಸಲ ಒಬ್ಬನೇ ಹೋದೆ, ಸಣ್ಣ ವೈನ್ ಅಂಗಡಿಗಳ ಪಟ್ಟಿಯನ್ನೇ ಬರೆದುಕೊಂಡಿದ್ದೆ. ಆದರೆ ಹೋದದ್ದು ಭಾನುವಾರ, ಅಂಗಡಿ ಹುಡುಕಿ ಹೊರಟದ್ದು ರಾತ್ರಿ 8ಕ್ಕೆ. ಮಾರುಕಟ್ಟೆಯಿರುವ ರಿಯಾಲ್ಟೊ ಬಡಾವಣೆಯ ಸುತ್ತ ಪಟ್ಟಿಯಲ್ಲಿದ್ದ ಒಂದು ಬಾಗಿಲೂ ತೆರೆದಿರಲಿಲ್ಲ. ಹಸಿವು ತಡೆಯದೆ ಕಾಲುವೆ ದಡದಲ್ಲಿ, ಫೋಟೊ ಹಾಕಿದ ಮೆನು ಇಟ್ಟಿದ್ದ ಒಂದು ಕಡೆ ಕೂತೆ. ಬೆಚ್ಚಗಿನ ಪ್ರೊಸೆಕ್ಕೊ ವೈನ್, ತಣ್ಣಗಿನ ಪಾಸ್ತಾ, ಮೇಲೆ ಕೊಪೆರ್ತೊ, ಅಂದರೆ ಮೇಜಿಗೆ ಕೂತದ್ದಕ್ಕೆ ತೆರುವ ದುಡ್ಡು. 45 ಯೂರೊ ಹೋಯಿತು.

ಮೂರನೇ ಸಲ ನಂಬದ ಗೆಳೆಯನನ್ನೇ ಜೊತೆಗೆ ಎಳೆದುಕೊಂಡು ಹೋದೆ. ತಂಗಿದ್ದು ವೆನಿಸ್‌ ಪಕ್ಕದ ನೆಲಭಾಗದಲ್ಲಿರುವ ಮೆಸ್ತ್ರೆಯಲ್ಲಿ. ಅಲ್ಲಿಂದ ರೈಲಿಗೆ ಒಂದೂವರೆ ಯೂರೊ ಇರಬೇಕು, ಹತ್ತೇ ನಿಮಿಷ. ಬುಧವಾರ ಬೆಳಿಗ್ಗೆ 11ಕ್ಕೆ ಸರಿಯಾಗಿ ರಿಯಾಲ್ಟೊ ಮೀನು ಮಾರುಕಟ್ಟೆಯ ಬಳಿ ನಿಂತಿದ್ದೆವು. ಬೆಳಿಗ್ಗೆ 11ಕ್ಕೆ ಕುಡಿಯೋದಾ ಅಂತ ಮುಖ ಸಿಂಡರಿಸಬೇಡಿ. ಅಲ್ಲಿ ಮಾರುಕಟ್ಟೆಯ ಕೆಲಸ ಮುಗಿಸಿದವರು ಕುಡಿಯುವ ಹೊತ್ತೇ ಅದು. ಅವರ ಪಕ್ಕದಲ್ಲಿ ನಿಂತರೆ ಗ್ಲಾಸಿಗೆ ಅವರು ಕೊಡುವ ದುಡ್ಡನ್ನೇ ನಾವೂ ಕೊಡುತ್ತೇವೆ.

ಇಂಥ ಸಣ್ಣ ವೈನ್ ಅಂಗಡಿಗೆ ಬಾಕರೊ ಅನ್ನುತ್ತಾರೆ. ಪುಟ್ಟ ಗ್ಲಾಸಿನ ವೈನ್‌ಗೆ ಓಂಬ್ರಾ, ಅಂದರೆ ನೆರಳು. ಹಿಂದೆ ಸಾನ್ ಮಾರ್ಕೊ ಗಂಟೆಗೋಪುರದ ನೆರಳು ಸರಿದ ಹಾಗೆ ವೈನ್ ಮಾರುವವರೂ ಗಾಡಿ ಸರಿಸುತ್ತಿದ್ದರಂತೆ, ವೈನ್ ತಣ್ಣಗಿರಲಿ ಅಂತ. ಬಾಕರೊದಲ್ಲಿ "ಉನ್ ಓಂಬ್ರಾ" ಅಂದರೆ ಸಾಕು, ಕೆಂಪೋ ಬಿಳಿಯೋ ಅಂತ ಅವರೇ ಕೇಳುತ್ತಾರೆ. ನಾವು ಕೊಟ್ಟದ್ದು 2 ಯೂರೊ ಆಸುಪಾಸು.

ಮೊದಲ ನಿಲ್ದಾಣ ಕಾಂಟೀನಾ ದೊ ಮೋರಿ. 1462ರಿಂದ ಇದೆ ಅನ್ನುತ್ತಾರೆ. ಎರಡು ಓಣಿಗೆ ಎರಡು ಬಾಗಿಲು, ನಡುವೆ ಉದ್ದನೆಯ ಕತ್ತಲೆ ಕೋಣೆ, ಸೂರಿನಿಂದ ನೇತಾಡುವ ತಾಮ್ರದ ಕೊಡಗಳು. ಕೂರುವ ಮಾತೇ ಇಲ್ಲ. ಅಲ್ಲಿ ಫ್ರಾಂಕೊಬೊಲ್ಲೊ ತಿನ್ನಲೇಬೇಕು. ಹೆಸರಿನ ಅರ್ಥ ಅಂಚೆ ಚೀಟಿ. ಹೆಸರಿಗೆ ತಕ್ಕ ಹಾಗೆ ಎರಡು ಬೆರಳಗಲದ ಸ್ಯಾಂಡ್‌ವಿಚ್, ಒಂದೇ ತುತ್ತು. ಆಮೇಲೆ ನಾಲ್ಕು ಹೆಜ್ಜೆ ದೂರದ ಆಲ್ ಮೆರ್ಕಾ. ಅದು ಗೋಡೆಯಲ್ಲೊಂದು ಗೂಡಿನಂಥ ಅಂಗಡಿ, ಗ್ಲಾಸ್ ಹಿಡಿದು ಬಯಲಲ್ಲೇ ನಿಲ್ಲಬೇಕು.

ಅಲ್ಲಿಂದ ಮುಂದೆ ನನ್ನ ನಿಯಮ ಇಷ್ಟೇ: ಒಂದು ಅಂಗಡಿ, ಒಂದು ಗ್ಲಾಸ್, ಒಂದೋ ಎರಡೋ ಚಿಕೆಟ್ಟಿ (ವೈನ್ ಜೊತೆಯ ಸಣ್ಣ ತಿಂಡಿ), ಅರ್ಧ ಗಂಟೆ ನಡಿಗೆ. ನಡುನಡುವೆ ನೀರು. ಊರ ತುಂಬ ಕುಡಿಯುವ ನೀರಿನ ನಲ್ಲಿಗಳಿವೆ, ಬಾಟಲಿ ಕೊಳ್ಳುವುದು ದಂಡ. ತಿಂಡಿ ಕಟ್ಟಿಸಿಕೊಂಡು ಸೇತುವೆಯ ಮೆಟ್ಟಿಲ ಮೇಲೆ ಕೂರಬೇಡಿ, ಅದಕ್ಕೆ ನಿಜವಾದ ದಂಡವೇ ಇದೆ.

ಚಿಕೆಟ್ಟಿ ಬಗ್ಗೆ ಕರಾವಳಿಯವನಾಗಿ ಒಂದು ಮಾತು. ಸಾರ್ದೆ ಇನ್ ಸಾಓರ್‌ನಲ್ಲಿರುವುದು ನಮ್ಮ ಬೂತಾಯಿಯ ಬಳಗದ ಮೀನೇ, ಸಾರ್ಡೀನ್. ಹುರಿದು, ಮೆತ್ತಗೆ ಬಾಡಿಸಿದ ರಾಶಿ ಈರುಳ್ಳಿ, ವಿನೆಗರ್, ಒಣದ್ರಾಕ್ಷಿ, ಪೈನ್ ಬೀಜದ ನಡುವೆ ಮಲಗಿಸುತ್ತಾರೆ. ಹಡಗಿನವರಿಗೆ ಕೆಡದಿರಲಿ ಅಂತ ಶುರುವಾದ ಅಡುಗೆ, ಮರುದಿನವೇ ರುಚಿ ಹೆಚ್ಚು. ರಜೆಗೆ ಮಂಗಳೂರಿಗೆ ಬಂದಾಗ ಬೂತಾಯಿ ತಂದು ತೆಂಗಿನ ವಿನೆಗರ್ ಹಾಕಿ ಮಾಡಿ ನೋಡಿದೆ. ಮೊದಲ ಸಲ ಈರುಳ್ಳಿ ಕಂದಿ ಕಹಿಯಾಯಿತು. ಎರಡನೇ ಸಲ ಉರಿ ಸಣ್ಣ ಮಾಡಿ ಮುಕ್ಕಾಲು ಗಂಟೆ ಬಾಡಿಸಿದೆ. ಅಮ್ಮ ಎರಡು ಸಲ ಬಡಿಸಿಕೊಂಡರು. ಹೆಂಡತಿಯಂಥ ಸಸ್ಯಾಹಾರಿಗಳಿಗೂ ಬಾಕರೊದಲ್ಲಿ ಬರವಿಲ್ಲ: ಬೇಯಿಸಿದ ಆರ್ಟಿಚೋಕ್ ತರಕಾರಿಯ ಬುಡ, ಗೊರ್ಗೊನ್ಜೋಲಾ ಚೀಸ್ ಮೇಲೆ ಅಕ್ರೋಟು, ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಹುರಿದದ್ದು.

ಸ್ಪ್ರಿಟ್ಸ್ ವಿಷಯದಲ್ಲಿ ಆ ಮಧ್ಯಾಹ್ನ ನಾವು ಪ್ರಯೋಗವನ್ನೇ ಮಾಡಿದೆವು. ಆಸ್ಟ್ರಿಯಾದವರು ಆಳುತ್ತಿದ್ದಾಗ ಇಲ್ಲಿನ ವೈನ್ ಗಡಸಾಯಿತು ಅಂತ ನೀರು ಚಿಮುಕಿಸಿ ಕುಡಿದದ್ದರಿಂದ, ಜರ್ಮನ್‌ನ 'ಚಿಮುಕಿಸು' ಅನ್ನುವ ಪದದಿಂದ ಬಂದ ಹೆಸರಂತೆ ಅದು. ಅದಕ್ಕೆ ಬೆರೆಸುವ ಕಹಿ ಮದ್ಯಗಳಲ್ಲಿ ಈಗ ಎಲ್ಲರೂ ಕೇಳುವುದು ಆಪೆರೋಲ್, ಅದು 1919ರ ಪಾದುವಾದ ಸರಕು. ವೆನಿಸ್‌ನದೇ ಆದದ್ದು 1920ರ ಸೆಲೆಕ್ಟ್. ಆಪೆರೋಲ್‌ನಲ್ಲಿ ಆಲ್ಕೋಹಾಲ್ ಶೇ 11, ಸೆಲೆಕ್ಟ್‌ನಲ್ಲಿ ಶೇ 17.5, ಕಂಪಾರಿಯಲ್ಲಿ ಶೇ 25. ಗೆಳೆಯ ಬಣ್ಣ ನೋಡಿ ಮೋಸಹೋಗಿ ಬಿಸಿಲಲ್ಲಿ ಎರಡು ಕಂಪಾರಿ ಏರಿಸಿದ, ಒಂದು ಗಂಟೆ ನೆರಳು ಹುಡುಕಿ ಕೂರಿಸಬೇಕಾಯಿತು. ಸೆಲೆಕ್ಟ್ ಹಾಕಿ ಹಸಿರು ಆಲಿವ್ ಬಿಟ್ಟದ್ದೇ ನನಗೆ ಸರಿ. ಅದರ ಕಹಿ ಹಿತಮಿತ, ಆಪೆರೋಲ್‌ನಂತೆ ಶರಬತ್ತಾಗುವುದಿಲ್ಲ. ಗ್ಲಾಸಿಗೆ 4 ಯೂರೊ ಇತ್ತು.

ಸಂಜೆ ದೊರ್ಸೊದೂರೊ ಬಡಾವಣೆ ಕಡೆ, ಸಾನ್ ತ್ರೊವಾಸೊ ಕಾಲುವೆಯ ದಡದ ಸ್ಕ್ಯಾವಿ ಅನ್ನುವ ಬಾಕರೊ. ಒಳಗೆ ಗೋಡೆ ಪೂರ್ತಿ ಬಾಟಲಿ, ಕೌಂಟರ್ ಪೂರ್ತಿ ಬ್ರೆಡ್ ತುಂಡಿನ ಚಿಕೆಟ್ಟಿ. ಟ್ಯೂನಾ ಮೀನಿನ ಮೇಲೆ ಕಹಿ ಕೋಕೊ ಪುಡಿ ಉದುರಿಸಿದ್ದನ್ನು ಬಿಡಬೇಡಿ, ಕೇಳಲು ವಿಚಿತ್ರ, ತಿಂದರೆ ಸರಿಯಾಗಿ ಕೂರುತ್ತದೆ. ಎದುರು ದಡದಲ್ಲಿ ಗೊಂಡೊಲಾ ರಿಪೇರಿ ಮಾಡುವ ಹಳೆಯ ಮರದ ಕಾರ್ಖಾನೆ. ಮಗುಚಿ ಹಾಕಿದ ಕರಿ ದೋಣಿಯ ತಳವನ್ನು ಒಬ್ಬ ಉಜ್ಜುತ್ತಿದ್ದ. ನಾವು ಕಾಲುವೆಯ ಗಿಡ್ಡ ಗೋಡೆಯ ಮೇಲೆ ಗ್ಲಾಸ್ ಇಟ್ಟು ಅವನ ಕೈಯನ್ನೇ ನೋಡುತ್ತ ನಿಂತೆವು.

ಇನ್ನೊಂದು ಅಂಗಡಿ ಕಾಸ್ತೆಲ್ಲೊ ಬಡಾವಣೆಯ ಕಡೆಯಿದೆ, ಮಾಲ್ವಾಸಿಯಾ ವೈನ್ ಅನ್ನು ಅಲ್ಲಿ ಕುಡಿದಷ್ಟು ಚೆನ್ನಾಗಿ ನಾನು ಎಲ್ಲೂ ಕುಡಿದಿಲ್ಲ. ಅದರ ಹೆಸರು ಬರೆಯುವುದಿಲ್ಲ. ಒಟ್ಟು ಆರೇ ಜನ ನಿಲ್ಲುವಷ್ಟು ಜಾಗ, ಹುಡುಕಿದವರಿಗೆ ಸಿಗಲಿ.

ರಾತ್ರಿ 9ರ ರೈಲಿನಲ್ಲಿ ಗೆಳೆಯ ಚೀಟಿಗಳನ್ನೆಲ್ಲ ತೊಡೆಯ ಮೇಲೆ ಹರಡಿ ಎರಡು ಸಲ ಕೂಡಿಸಿದ. ಆರು ಅಂಗಡಿ, ತಲೆಗೆ 28 ಯೂರೊ ಚಿಲ್ಲರೆ. ಮುಂದಿನ ಮೇ ತಿಂಗಳಿಗೆ ಅವನೇ ಟಿಕೆಟ್ ಮಾಡಿಸಿದ್ದಾನೆ, ಈ ಸಲ ಅವನ ಅಣ್ಣ ಅತ್ತಿಗೆಯೂ ಬರುತ್ತಿದ್ದಾರೆ.